ರಿವರ್ಸ್ ಇದೆಯಾ ಸಾರ್?

ಹಿಂದೆಲ್ಲ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಜನ ಕೆಂಪು ದೀಪದ ಸೆಕೆಂಡು ಎಣಿಸುತ್ತಾ, ಮುಂದಿನ ಬಸ್ಸಿನ ಬೆನ್ನ ಮೇಲಿನ ಜಾಹೀರಾತು ಓದುತ್ತಾ ತಮ್ಮ ಪಾಡಿಗೆ ತಾವು ನಿಂತಿರುತ್ತಿದ್ದರು. ಈಗ ಆ ನೆಮ್ಮದಿ ಇಲ್ಲ. ನಿಮ್ಮ ಸ್ಕೂಟರಿನ ನಂಬರ್ ಪ್ಲೇಟು ಹಸಿರಾಗಿದ್ದರೆ ಮುಗಿಯಿತು, ಪಕ್ಕದ ಆಟೋದಿಂದ ಒಂದು ತಲೆ ಹೊರಗೆ ಬರುತ್ತದೆ. "ಒಂದ್ ಚಾರ್ಜ್‌ಗೆ ಎಷ್ಟ್ ಓಡತ್ತೆ ಸಾರ್?" "ಮನೇಲೇ ಹಾಕ್ಕೋತೀರಾ?" "ಬ್ಯಾಟ್ರಿ ಹೋದ್ರೆ ಎಷ್ಟಾಗತ್ತಂತೆ?" ಹೆಣ್ಣು ನೋಡಲು ಬಂದ ಬೀಗರೂ ಇಷ್ಟು ಕೂಲಂಕಷವಾಗಿ ವಿಚಾರಿಸಲಿಕ್ಕಿಲ್ಲ. ನೀವೇನು ಕಡಿಮೆಯೇ? ಮೀಟರಿನಲ್ಲಿ ಮೂವತ್ತೆಂಟು ಕಿಲೋಮೀಟರ್ ಬಾಕಿ ಅಂತ ಮಿಣಮಿಣ ಎನ್ನುತ್ತಿದ್ದರೂ ಎದೆಯುಬ್ಬಿಸಿ "ನೂರಿಪ್ಪತ್ತಕ್ಕೆ ಮೋಸ ಇಲ್ಲ" ಅನ್ನುತ್ತೀರಿ. ಹಸಿರು ದೀಪ ಬೀಳುತ್ತದೆ, ಸದ್ದಿಲ್ಲದೆ ಸುಯ್ಯನೆ ಮುಂದೆ ಹೋಗುತ್ತೀರಿ, ಮುಂದಿನ ಸಿಗ್ನಲ್ಲಿನಲ್ಲಿ ಅದೇ ಆಟೋ ಬಂದು ಪಕ್ಕದಲ್ಲಿ ನಿಲ್ಲುತ್ತದೆ.

ಈ ವಿಷಯದಲ್ಲಿ ನಮ್ಮೂರಿಗೆ ಕೊಂಚ ಕೊಬ್ಬು ಜಾಸ್ತಿ. ಇರಲಿ ಬಿಡಿ, ಕಾರಣವೂ ಇದೆ. 2001ರಲ್ಲೇ ರೇವಾ ಎಂಬ ಪುಟಾಣಿ ವಿದ್ಯುತ್ ಕಾರನ್ನು ರಸ್ತೆಗೆ ಬಿಟ್ಟ ಊರು ಇದು. ಆಗ ಅದನ್ನು ಕಂಡು ನಕ್ಕವರೇ ಹೆಚ್ಚು. ಐಐಟಿ ಮದ್ರಾಸಿನಲ್ಲಿ ಓದಿದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ 2013ರಲ್ಲಿ ಏಥರ್ ಶುರುಮಾಡಿ, 2018ರಲ್ಲಿ ಮೊದಲ ಸ್ಕೂಟರನ್ನು ಇಳಿಸಿದ್ದು ನಮ್ಮ ಹೊಂಡಗಳಿಗೇ. ಕೋರಮಂಗಲದ ಓಲಾ 2021ರ ಜುಲೈನಲ್ಲಿ ಬರೀ 499 ರೂಪಾಯಿಗೆ ಬುಕಿಂಗ್ ತೆರೆದಾಗ, ಸ್ಕೂಟರ್ ಓಡಿಸಲು ಬಾರದವರೂ ಬುಕ್ ಮಾಡಿದರು. ರಿವರ್, ಸಿಂಪಲ್, ಯುಲು ಎಲ್ಲ ಇಲ್ಲಿನ ಹುಡುಗರವೇ. ವಿದ್ಯುತ್ ವಾಹನಕ್ಕೆಂದೇ ಒಂದು ನೀತಿ ಅಂತ 2017ರಲ್ಲಿ ದೇಶಕ್ಕೆಲ್ಲ ಮೊದಲು ತಂದಿದ್ದೂ ನಮ್ಮ ರಾಜ್ಯವೇ. ಇಷ್ಟೆಲ್ಲ ಆದಮೇಲೆ ಏಥರ್ ಕಾರ್ಖಾನೆ ಎಲ್ಲಿ? ಹೊಸೂರು. ಓಲಾದ್ದು? ಕೃಷ್ಣಗಿರಿ ಜಿಲ್ಲೆ. ಟಿವಿಎಸ್ ಅಂತೂ ಮೊದಲಿಂದಲೂ ಹೊಸೂರಿನ ಅಳಿಯ. ಗಡಿ ದಾಟಿದರೆ ಜಾಗ, ಈಚೆಗೆ ಬಂದರೆ ಟ್ರಾಫಿಕ್ಕು. ಸಮಾಧಾನಕ್ಕೆ ಹೊಸಕೋಟೆಯಲ್ಲಿ ರಿವರ್ ಇದೆ, ಕೋಲಾರದ ನರಸಾಪುರದಲ್ಲಿ ಹೋಂಡಾ ಇದೆ. ಅಷ್ಟಾದರೂ ಉಳಿಯಿತಲ್ಲ.

ನಮ್ಮ ಹನುಮಂತನಗರದ ಬೀದಿಯಲ್ಲಿ ಈ ಶಾಸ್ತ್ರದ ಪಂಡಿತರೆಂದರೆ ಎದುರು ಮನೆ ರಾಯರು. ಸರ್ಕಾರಿ ಲೆಕ್ಕಪತ್ರ ನೋಡಿ ನೋಡಿ ನಿವೃತ್ತರಾದವರು. ಎಲೆಕ್ಟ್ರಿಕ್ ಸ್ಕೂಟರ್ ಬಗ್ಗೆ ಅವರಿಗೆ ತಿಳಿಯದ ವಿಷಯವೇ ಇಲ್ಲ, ಅಂಥದೊಂದು ಸ್ಕೂಟರ್ ಮಾತ್ರ ಇಲ್ಲ. ತಗೊಳ್ಳುವ ಯೋಚನೆ ಅವರಿಗೆ ಬಂದದ್ದು 2021ರಲ್ಲಿ. ಆಗ ಕೇಂದ್ರ ಸರ್ಕಾರ ಫೇಮ್ ಯೋಜನೆಯಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿ ಸಬ್ಸಿಡಿ ಕೊಡುತ್ತಿತ್ತು. ಮೂರು ಕಿಲೋವ್ಯಾಟ್ ಅವರ್‌ನ ಗಾಡಿಗೆ ನಲವತ್ತೈದು ಸಾವಿರ! ರಾಯರು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು ಹೇಳಿದರು, "ಈಗಷ್ಟೇ ಶುರು ಕಣಯ್ಯಾ, ಟಿವಿ ಬೆಲೆ ಇಳೀಲಿಲ್ವೇ, ಮೊಬೈಲ್ ಬೆಲೆ ಇಳೀಲಿಲ್ವೇ? ಸ್ವಲ್ಪ ತಡಿ."

ತಡೆದರು. 2023ರ ಜೂನ್‌ನಲ್ಲಿ ಆ ಹದಿನೈದು ಹತ್ತಾಯಿತು, ಅದೂ ಗಾಡಿ ಬೆಲೆಯ ಶೇ. 15 ಮೀರಬಾರದು ಎಂಬ ಕಟ್ಟಿನೊಂದಿಗೆ. ರಾಯರಿಗೆ ಸಿಟ್ಟು ಬಂತು, ಆ ಸಿಟ್ಟಿನಲ್ಲಿ ಒಂದು ವರ್ಷ ಹೋಯಿತು. 2024ರ ಏಪ್ರಿಲ್‌ನಲ್ಲಿ ಮೊತ್ತ ಕಿಲೋವ್ಯಾಟ್ ಅವರ್‌ಗೆ ಐದು ಸಾವಿರಕ್ಕಿಳಿಯಿತು, ಅಕ್ಟೋಬರಿನಲ್ಲಿ ಪಿಎಂ ಇ-ಡ್ರೈವ್ ಎಂಬ ಹೊಸ ಹೆಸರು ಬಂತು. ಮರುವರ್ಷ ಏಪ್ರಿಲ್ಲಿಗೆ ಎರಡೂವರೆ ಸಾವಿರ, ಒಂದು ಗಾಡಿಗೆ ಹೆಚ್ಚೆಂದರೆ ಐದು ಸಾವಿರ. ರಾಯರು ಬೆಲೆ ಇಳಿಯಲಿ ಅಂತ ಕಾದರು, ಇಳಿದದ್ದು ಸಬ್ಸಿಡಿ. ಹಾಗಂತ ಬೆಲೆಯೂ ಕುಂತಲ್ಲೇ ಕೂತಿಲ್ಲ. ಕಂಪನಿಗಳು ಸಣ್ಣ ಬ್ಯಾಟರಿ ಹಾಕಿ ಲಕ್ಷದ ಆಸುಪಾಸಿನಲ್ಲಿ ಗಾಡಿ ಬಿಟ್ಟವು. ಬ್ಯಾಟರಿಯನ್ನೇ ಬಾಡಿಗೆಗೆ ಕೊಡುವ ಏರ್ಪಾಡೂ ಬಂತು. 2025ರಲ್ಲಿ ಹೀರೋದವರು ವಿಡಾ ಸ್ಕೂಟರನ್ನು ಹಾಗೆ ಮಾರಲು ಶುರುಮಾಡಿದರು: ಗಾಡಿ ಮಾತ್ರ ನಿಮ್ಮದು, ಬ್ಯಾಟರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಕಟ್ಟುತ್ತಾ ಹೋಗಿ. ಇದನ್ನು ಕೇಳಿ ರಾಯರಿಗೆ ನಿದ್ದೆ ಬರಲಿಲ್ಲವಂತೆ. "ಅಲ್ಲಯ್ಯಾ, ಹೊಟ್ಟೆ ನಂದು, ಅನ್ನ ಬಾಡಿಗೆದು ಅಂದ್ರೆ ಹೇಗೆ?"

ಲೆಕ್ಕ ಹಾಕಿದರೆ ಲಾಭ ಇರುವುದು ಸುಳ್ಳಲ್ಲ. ದಿನಕ್ಕೆ ಮೂವತ್ತು ಕಿಲೋಮೀಟರ್ ಓಡಿಸುವವನಿಗೆ ತಿಂಗಳಿಗೆ ಏಳುನೂರೈವತ್ತು ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಪೆಟ್ರೋಲ್ ಸ್ಕೂಟರಾದರೆ ಹದಿನಾರು ಹದಿನೇಳು ಲೀಟರ್, ಲೀಟರಿಗೆ ನೂರು ದಾಟಿದ ಮೇಲೆ ಸಾವಿರದ ಏಳುನೂರಕ್ಕೆ ಮೋಸವಿಲ್ಲ. ಕರೆಂಟಿನ ಗಾಡಿ ಅಷ್ಟೇ ದೂರಕ್ಕೆ ಮೂವತ್ತು ಯೂನಿಟ್ ಚಿಲ್ಲರೆ ನುಂಗುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಇನ್ನೂರು ರೂಪಾಯಿ. ರಾಯರ ಜಾಣತನ ಬಿಚ್ಚಿಕೊಳ್ಳುವುದು ಇಲ್ಲೇ. ಮನೆಗೆ ಗೃಹಜ್ಯೋತಿ ಇದೆ. ಅದನ್ನು ತಿಂಗಳಿಗೆ ಇನ್ನೂರು ಯೂನಿಟ್ ಪುಕ್ಕಟೆ ಅಂತ ಜನ ತಿಳಿದಿದ್ದಾರೆ, ಅದು ಹಾಗಲ್ಲ. ಮೊದಲು ನೀವು ಬಳಸುತ್ತಿದ್ದ ಸರಾಸರಿಯ ಮೇಲೆ ಇಷ್ಟೇ ಇಷ್ಟು ಹೆಚ್ಚು, ಅಲ್ಲಿಯವರೆಗೆ ಮಾತ್ರ ಸೊನ್ನೆ ಬಿಲ್ಲು. ಮೇಲಿನದಕ್ಕೆ ದುಡ್ಡು. ಇನ್ನೂರು ದಾಟಿತೋ, ಪೂರ್ತಿ ಬಿಲ್ಲು ನಿಮ್ಮದೇ. ರಾಯರು ನೂರರ ಆಸುಪಾಸಿನ ಮಿತವ್ಯಯಿ. ಸ್ಕೂಟರ್ ಬಂದರೆ ಸೊನ್ನೆ ಬಿಲ್ಲು ಹೋಗಿ ಇನ್ನೂರು ರೂಪಾಯಿ ಬಿಲ್ಲು ಬರುತ್ತದೆ. ಸಾವಿರದ ಐನೂರು ಉಳಿಯುವುದು ಅವರ ಕಣ್ಣಿಗೆ ಬೀಳುವುದಿಲ್ಲ, ಸೊನ್ನೆ ಹೋಗುವುದು ಬೀಳುತ್ತದೆ. "ಸೊನ್ನೆಯ ಮರ್ಯಾದೆಯೇ ಬೇರೆ ಕಣಯ್ಯಾ" ಎನ್ನುತ್ತಾರೆ.

ರೇಂಜ್ ಎಂಬ ಇನ್ನೊಂದು ಪುರಾಣವಿದೆ. ಕಂಪನಿ ಕಾಗದದಲ್ಲಿ ಹೇಳುವ ನೂರೈವತ್ತು ಬೇರೆ, ನಮ್ಮ ಬೀದಿಯಲ್ಲಿ ಸಿಗುವುದು ಬೇರೆ. ಪರೀಕ್ಷೆ ಮಾಡುವಲ್ಲಿ ರಾಮಾಂಜನೇಯ ಗುಡ್ಡದ ಏರು ಇರುವುದಿಲ್ಲ, ಹಿಂದೆ ಅತ್ತೆ, ಮುಂದೆ ಇಪ್ಪತ್ತೈದು ಕೆ.ಜಿ. ಸೋನಾ ಮಸೂರಿ ಮೂಟೆ ಇರುವುದಿಲ್ಲ. ಇಕೋ ಮೋಡ್‌ನಲ್ಲಿ ಹೋದರೆ ಗಾಡಿ ಓಡುತ್ತದೆ, ಆದರೆ ಡೆಲಿವರಿ ಹುಡುಗರು ಹಿಂದಿನಿಂದ ಹಾರನ್ ಹೊಡೆದೇ ಕಿವಿ ಕೀಳುತ್ತಾರೆ. ಸ್ಪೋರ್ಟ್‌ಗೆ ಹಾಕಿದರೆ ಹಾರುತ್ತದೆ, ಪರ್ಸೆಂಟೂ ಜೊತೆಯಲ್ಲೇ ಹಾರುತ್ತದೆ. ಇದರ ಬಗ್ಗೆ ಹೇಳುತ್ತಾ ಕೂತರೆ ಮುಗಿಯುವುದಿಲ್ಲ. ಕಾಗದದ ಲೆಕ್ಕದಲ್ಲಿ ಕಾಲುಭಾಗದ ಮೇಲೆ ಕಳೆದು ನೋಡಿ, ಮನಸ್ಸಿಗೆ ಹಗುರ.

ಅಗ್ಗದ ಗಾಡಿ ಬೇಕೆಂದವರಿಗೆ ಇನ್ನೊಂದು ಜಾತಿ ಇದೆ. ಮೋಟಾರು 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ಅದಕ್ಕೆ ನಂಬರ್ ಪ್ಲೇಟ್ ಬೇಡ, ಓಡಿಸುವವರಿಗೆ ಲೈಸೆನ್ಸೂ ಬೇಡ. ಲಕ್ಷದ ಅರ್ಧದೊಳಗೆ ಸಿಗುತ್ತವೆ. ಟ್ಯೂಷನ್ ಮಕ್ಕಳು, ತರಕಾರಿ ತರುವ ಅಜ್ಜಂದಿರು, ಹತ್ತಿರದಲ್ಲೇ ಕೆಲಸಕ್ಕೆ ಹೋಗುವ ಹೆಂಗಸರು ಇದನ್ನೇ ನೆಚ್ಚಿಕೊಂಡಿದ್ದಾರೆ. ತಪ್ಪೇನಿಲ್ಲ. ಜಯನಗರದಂಥ ಸಪಾಟು ಬಡಾವಣೆಗೆ ಹೇಳಿ ಮಾಡಿಸಿದ್ದು. ನಮ್ಮ ಗುಡ್ಡದ ಏರಿನಲ್ಲಿ ಮಾತ್ರ ಗಂಡ ಓಡಿಸುತ್ತಾನೆ, ಹೆಂಡತಿ ಇಳಿದು ನಡೆಯುತ್ತಾಳೆ, ಮೇಲೆ ತಲುಪುವಾಗ ಹೆಂಡತಿಯೇ ಮೊದಲು. ಬ್ಯಾಟರಿ ಲಿಥಿಯಮ್ಮೋ ಹಳೆ ಕಾಲದ ಲೆಡ್ ಆಸಿಡ್ಡೋ ಅಂತ ಕೇಳದೆ ತಂದರೆ ಒಂದೆರಡು ವರ್ಷದಲ್ಲೇ ಹೊಸ ಬ್ಯಾಟರಿಗೆ ಮತ್ತೆ ದುಡ್ಡು ಸುರಿಯಬೇಕು. "ಲಾಕ್ ಬಿಚ್ಚಿ ಕೊಡ್ತೀವಿ ಸಾರ್, ನಲವತ್ತರಲ್ಲಿ ಹೋಗತ್ತೆ" ಎಂದು ಕಣ್ಣು ಹೊಡೆಯುವ ಮೆಕ್ಯಾನಿಕ್ಕುಗಳೂ ಇದ್ದಾರೆ. ಹಾಗೆ ಬಿಚ್ಚಿಸಿದ ಕ್ಷಣದಿಂದ ಅದು ನಂಬರಿಲ್ಲದ, ಇನ್ಶೂರೆನ್ಸಿಲ್ಲದ, ಕಾನೂನಿಗೆ ಹೊರಗಾದ ಗಾಡಿ ಅನ್ನುವುದನ್ನು ಅವರು ಹೇಳುವುದಿಲ್ಲ. ಗೊತ್ತಾಗುವುದು ಯಾರಿಗಾದರೂ ಗುದ್ದಿದ ಮೇಲೆ.

ಇಷ್ಟು ಹೊತ್ತು ಹರಟಿದ್ದೆಲ್ಲ ಎರಡು ಕಾಲು ನೆಟ್ಟಗಿರುವವರ ಹರಟೆ. ಆ ಮಾತನ್ನು ನಮ್ಮ ಮುಖಕ್ಕೆ ಹೊಡೆದಂತೆ ಹೇಳಿದವನು ಟೈಲರಣ್ಣ. ಬೀದಿ ಮೂಲೆಯಲ್ಲಿ ಅವನ ಬ್ಲೌಸ್ ಅಂಗಡಿ, ಅದರ ಮುಂದೆ ಕಟ್ಟೆ, ಕಟ್ಟೆ ಮೇಲೆ ಸಂಜೆ ನಮ್ಮ ಸಭೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಸೋತಿದೆ. ಭಾರತ ಪೋಲಿಯೋ ಮುಕ್ತ ಅಂತ 2014ರಲ್ಲಿ ಸರ್ಟಿಫಿಕೇಟ್ ಸಿಕ್ಕಿದಾಗ "ನಾನೇ ಲಾಸ್ಟ್ ಬ್ಯಾಚು, ಸೀನಿಯರ್ ಅಂತ ಮರ್ಯಾದೆ ಕೊಡಿ" ಎಂದು ಎಲ್ಲರಿಗೂ ಬೈಟು ಕಾಫಿ ಕೊಡಿಸಿದ್ದ ಆಸಾಮಿ. ಅವನ ಹತ್ತಿರ ಅಂಗವಿಕಲರಿಗೆಂದು ಸರ್ಕಾರಿ ಇಲಾಖೆ ಕೊಟ್ಟ ಪೆಟ್ರೋಲ್ ಸ್ಕೂಟರ್ ಇದೆ, ಹಿಂದಿನ ಚಕ್ರದ ಆಚೀಚೆ ಒಂದೊಂದು ಸೈಡ್ ವೀಲು. ಅರ್ಜಿಯಲ್ಲಿ ದ್ವಿಚಕ್ರ ವಾಹನ ಅಂತಿತ್ತು, ಮನೆಗೆ ಬಂದಮೇಲೆ ಎಣಿಸಿದರೆ ನಾಲ್ಕು. "ನಮ್ದು ಇನ್ನೋವಾ ಲೆಕ್ಕ ರಾಯರೇ" ಎನ್ನುತ್ತಾನೆ.

ಒಂದು ಸಂಜೆ ಮೇಲಿನ ಮನೆಯ ಸಾಫ್ಟ್‌ವೇರ್ ಹುಡುಗ ಹೊಸ ಸ್ಕೂಟರ್ ತಂದು ಕಟ್ಟೆ ಮುಂದೆ ನಿಲ್ಲಿಸಿದ. ಟಚ್ ಸ್ಕ್ರೀನು, ಮ್ಯಾಪು, ಹಾಡು, ಫೋನ್ ಬಂದರೆ ತೋರಿಸುವುದು, ಎಲ್ಲ ಮುಗಿಯಿತು. ರಾಯರು ಬ್ಯಾಟರಿ ವಾರಂಟಿಯ ವರ್ಷ ಕೇಳಿದರು. ಯಾರೋ ಸೊನ್ನೆಯಿಂದ ನಲವತ್ತಕ್ಕೆ ಎಷ್ಟು ಸೆಕೆಂಡು ಅಂತ ಕೇಳಿದರು. ಟೈಲರಣ್ಣ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ ಕೇಳಿದ, "ರಿವರ್ಸ್ ಇದೆಯಾ ಸಾರ್?"

ಎಲ್ಲರೂ ಗೊಳ್ಳೆಂದರು. ಹುಡುಗನೂ ನಗುತ್ತಾ ಬಟನ್ ಒತ್ತಿದ. ಗಾಡಿ ಕುಂಯ್ ಎನ್ನುತ್ತಾ ಒಂದು ಮಾರು ಹಿಂದಕ್ಕೆ ಸರಿಯಿತು. ಮಿಷನ್ ನಿಂತಿತು. ಟೈಲರಣ್ಣ ಊರುಗೋಲು ತೆಗೆದುಕೊಂಡು ಹೊರಗೆ ಬಂದು, "ಇನ್ನೊಂದ್ ಸಲ ಮಾಡಿ" ಅಂದ.

ನೀವು ಸೈಡ್ ವೀಲ್ ಗಾಡಿ ಓಡಿಸಿಲ್ಲದಿದ್ದರೆ ಇದರ ಬೆಲೆ ತಿಳಿಯುವುದಿಲ್ಲ. ನಮ್ಮ ನಿಮ್ಮ ಸ್ಕೂಟರನ್ನು ಎಲ್ಲೋ ತೂರಿಸಿ ನಿಲ್ಲಿಸುತ್ತೇವೆ, ವಾಪಸು ತೆಗೆಯುವಾಗ ಕಾಲು ಊರಿ ಹಿಂದಕ್ಕೆ ತಳ್ಳಿಕೊಳ್ಳುತ್ತೇವೆ. ಅದು ಒಂದು ಕೆಲಸ ಅಂತಲೇ ನಮಗೆ ಅನ್ನಿಸುವುದಿಲ್ಲ. ಕಾಲು ಊರಲಾಗದವನು ಹೇಗೆ ತಳ್ಳಬೇಕು? ಪೆಟ್ರೋಲ್ ಸ್ಕೂಟರ್ ಮುಂದಕ್ಕಲ್ಲದೆ ಹಿಂದಕ್ಕೆ ಹೋಗುವ ಜಾತಿಯದಲ್ಲ. ಬೇಕೆಂದರೆ ಬೇರೆ ಗೇರು ಕೂರಿಸಬೇಕು, ಕೆಲವು ಗ್ಯಾರೇಜಿನವರು ಕೂರಿಸಿಯೂ ಕೊಡುತ್ತಾರೆ, ದುಡ್ಡು ಬೇರೆ. ಹಾಗಾಗಿ ಟೈಲರಣ್ಣ ಬಟ್ಟೆ ತರಲು ಚಿಕ್ಕಪೇಟೆಗೆ ಹೋದರೆ ಗಾಡಿ ನಿಲ್ಲಿಸುವ ಮೊದಲೇ ತೆಗೆಯುವುದು ಹೇಗೆ ಅಂತ ಯೋಚಿಸುತ್ತಾನೆ. ಮುಂದೆ ದಾರಿ ಇದ್ದರಷ್ಟೇ ನಿಲ್ಲಿಸುತ್ತಾನೆ. ಹಿಂದೆ ಬಂದ ಪುಣ್ಯಾತ್ಮ ಮುಂದೆ ಒಂದು ಬೈಕು ಅಡ್ಡ ಹಾಕಿ ಹೋದರೆ ಕತೆ ಮುಗಿಯಿತು. "ಅಣ್ಣಾ, ಒಂಚೂರು ಹಿಂದಕ್ಕೆ ಎಳೀತೀರಾ?" ಎಂದು ದಾರಿಹೋಕರನ್ನು ಕೇಳುತ್ತಾ ನಿಲ್ಲಬೇಕು. ಎಳೆಯದವರಿಲ್ಲ, ಬೆಂಗಳೂರಿನ ಜನ ಅಷ್ಟು ಕೆಟ್ಟವರಲ್ಲ. ಆದರೆ ಎಳೆದವರಲ್ಲಿ ಅರ್ಧ ಜನ "ಪಾಪ" ಅನ್ನುತ್ತಾರೆ. "ಆ ಪಾಪದ ಟ್ಯಾಕ್ಸ್ ಕಟ್ಟೀ ಕಟ್ಟೀ ಸಾಕಾಗಿದೆ ಸಾರ್" ಅಂತ ಟೈಲರಣ್ಣ.

ಕರೆಂಟಿನ ಮೋಟಾರಿಗೆ ಮುಂದೂ ಒಂದೇ, ಹಿಂದೂ ಒಂದೇ. ಅದಕ್ಕೆ ಬೇರೆ ಗೇರು ಬೇಡ, ಹಲ್ಲಿನ ಚಕ್ರ ಬೇಡ. ಕಂಟ್ರೋಲರ್ ಹೇಳಿದರೆ ಉಲ್ಟಾ ತಿರುಗುತ್ತದೆ ಅಷ್ಟೆ. ಅದಕ್ಕೇ ಹೆಚ್ಚಿನ ಕಂಪನಿಗಳು ಪಾರ್ಕಿಂಗ್ ಅನುಕೂಲ ಅಂತ ಇದನ್ನೊಂದು ಕೊಸರಿನ ಹಾಗೆ ಕೊಟ್ಟಿವೆ. ನಾಲ್ಕು ದಿನ ಆಡಿ ಮರೆಯುತ್ತೇವೆ. ಇಷ್ಟೇ ಅಲ್ಲ. ಕಿಕ್ಕರ್ ಒದೆಯಬೇಕಿಲ್ಲ. ಪೆಟ್ರೋಲ್ ಬಂಕಿನ ಕ್ಯೂನಲ್ಲಿ ಸೀಟು ಎತ್ತಲು ಇಳಿಯಬೇಕಿಲ್ಲ, ಮತ್ತೆ ಹತ್ತಬೇಕಿಲ್ಲ. ಟೈಲರಣ್ಣನ ಪ್ರಕಾರ ಗಾಡಿ ಓಡಿಸುವುದು ಕಷ್ಟವೇ ಅಲ್ಲ, ಹತ್ತುವುದು ಇಳಿಯುವುದೇ ಕಷ್ಟ. ಒಂದು ಇಳಿತ ಉಳಿದರೂ ಲಾಭ. ಆಕ್ಸಿಲರೇಟರ್ ಬಿಟ್ಟರೆ ಸಾಕು, ಮೋಟಾರೇ ಗಾಡಿಯನ್ನು ನಿಧಾನ ಮಾಡಿ ಒಂದಿಷ್ಟು ಕರೆಂಟನ್ನು ಬ್ಯಾಟರಿಗೆ ವಾಪಸು ಕಳಿಸುತ್ತದೆ. ಕೈಯಲ್ಲಿ ಬಿಗಿ ಇಲ್ಲದವರಿಗೆ ಬ್ರೇಕ್ ಹಿಡಿಯುವ ಶ್ರಮ ಅಷ್ಟು ಕಡಿಮೆ. ನೋಡುತ್ತಾ ಹೋದರೆ ಈ ಗಾಡಿಯನ್ನು ಟೈಲರಣ್ಣನಿಗೆಂದೇ ಮಾಡಿದಂತಿದೆ. ಮಾಡಿದವರಿಗೆ ಮಾತ್ರ ಅದು ಗೊತ್ತಿಲ್ಲ.

ಗೊತ್ತಿಲ್ಲ ಅನ್ನುವುದು ಶೋರೂಮಿನ ಬಾಗಿಲಲ್ಲೇ ತಿಳಿಯಿತು. ಹೆಸರು ಬೇಡ, ಎಲ್ಲ ಶೋರೂಮೂ ಹಾಗೇ ಇವೆ: ಫುಟ್‌ಪಾತಿನಿಂದ ನಾಲ್ಕು ಮೆಟ್ಟಿಲು, ಮೇಲೆ ಗಾಜಿನ ಬಾಗಿಲು, ಒಳಗೆ ಕಾಲು ಜಾರುವ ನೆಲ. ಗಾಡಿ ಇಳಿಸಲು ಒಂದು ಕಬ್ಬಿಣದ ಹಲಗೆ ಇದೆ. ಡೆಲಿವರಿ ಇದ್ದಾಗ ಹಾಕುತ್ತಾರೆ, ಗಿರಾಕಿ ಬಂದಾಗ ಹಾಕುವುದಿಲ್ಲ. ಗಾಡಿ ಇಳಿಯಲು ದಾರಿಯಿದೆ, ಕೊಳ್ಳುವವನು ಹತ್ತಲು ಇಲ್ಲ. ಸೇಲ್ಸ್ ಹುಡುಗಿ ಒಳ್ಳೆಯವಳು, ಪಾಂಪ್ಲೆಟ್ ಹಿಡಿದು ತಾನೇ ಹೊರಗೆ ಬಂದಳು. ಬಣ್ಣ ಎಷ್ಟು ಅಂತ ಹೇಳಿದಳು, ಇಎಂಐ ಹೇಳಿದಳು. ಸೈಡ್ ವೀಲ್ ಹಾಕಿಸಿ ಕೊಡುತ್ತೀರಾ ಅಂದರೆ "ಕಂಪನಿಯಿಂದ ಬರಲ್ಲ ಸಾರ್, ಹೊರಗಡೆ ಹಾಕಿಸ್ಕೋಬೋದು" ಅಂದಳು. ಹೊರಗಡೆ ಹಾಕಿಸಿದರೆ ವಾರಂಟಿ? ಒಳಗೆ ಹೋಗಿ ಕೇಳಿಕೊಂಡು ಬಂದಳು. "ಹೊರಗಡೆ ಹಾಕಿಸಿದ್ರೆ ವಾರಂಟಿ ಹೋಗತ್ತಂತೆ ಸಾರ್." ಟೆಸ್ಟ್ ರೈಡ್? ಅವರಲ್ಲಿರುವ ಡೆಮೊ ಗಾಡಿಗೆ ಎರಡೇ ಚಕ್ರ. ಲಕ್ಷ ರೂಪಾಯಿ ಕೊಟ್ಟು, ಒಮ್ಮೆಯೂ ಓಡಿಸಿ ನೋಡದೆ, ಹೊರಗೆ ವೆಲ್ಡಿಂಗ್ ಮಾಡಿಸಿ, ವಾರಂಟಿ ಕಳೆದುಕೊಂಡು ಕೊಳ್ಳಬೇಕು. ಅಗ್ಗದ ಸ್ಕೂಟರ್ ಎಂದು ಜಾಹೀರಾತಿನಲ್ಲಿ ಬರೆಯುವವರು ಈ ಲೆಕ್ಕ ಯಾವ ಕಾಲಂನಲ್ಲಿ ಬರೆಯುತ್ತಾರೆ ಅಂತ ರಾಯರು ಸಿಟ್ಟಾದರು. ಲೆಕ್ಕ ತಪ್ಪಿದರೆ ಅವರಿಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಸೈಡ್ ವೀಲ್ ಅಂದರೆ ಮಕ್ಕಳ ಸೈಕಲ್ಲಿನ ಹಾಗೆ ಎರಡು ಚಕ್ರ ಸಿಕ್ಕಿಸುವುದಲ್ಲ. ಅದರ ಸಂಕಟ ನಮ್ಮ ರಸ್ತೆಯಲ್ಲೇ ನೋಡಬೇಕು. ಮೂರು ಚಕ್ರ ಒಂದೇ ಸಾಲಿನಲ್ಲಿದ್ದು, ನಡುವಿನ ಚಕ್ರ ಗುಂಡಿಗೆ ಇಳಿದರೆ ಆಚೀಚೆಯ ಎರಡು ನೆಲ ಕಚ್ಚಿಕೊಂಡು ನಿಲ್ಲುತ್ತವೆ, ಎಳೆಯಬೇಕಾದ ನಡುವಿನ ಚಕ್ರ ಗಾಳಿಯಲ್ಲಿ ಗಿರಗಿರ ತಿರುಗುತ್ತದೆ. ಗಾಡಿ ಇದ್ದಲ್ಲೇ ಇರುತ್ತದೆ, ಮೀಟರು ಮಾತ್ರ ವೇಗ ತೋರಿಸುತ್ತದೆ. ಸ್ಪ್ರಿಂಗ್ ಕೂರಿಸಿದ ಕಿಟ್ಟಾದರೆ ವಾಸಿ. ಬರೀ ರಾಡಿಗೆ ವೆಲ್ಡ್ ಮಾಡಿದ್ದಾದರೆ ಪ್ರತಿ ಹಂಪಿಗೂ ಸೊಂಟ ಸಾಕ್ಷಿ. ತಿರುವಿನಲ್ಲಿ ಬೇರೆ ಸ್ಕೂಟರ್ ವಾಲುತ್ತದೆ, ಇದು ವಾಲುವುದಿಲ್ಲ, ವಾಲಿದರೆ ಬೀಳುತ್ತದೆ. ಹಾಗಾಗಿ ನಿಧಾನ ಹೋಗಬೇಕು. ಕರೆಂಟಿನ ಗಾಡಿಯ ಮೋಟಾರು ಸೊನ್ನೆಯಿಂದಲೇ ಜಗ್ಗನೆ ಎಳೆಯುವುದರಿಂದ ಇಕೋ ಮೋಡ್ ಬಿಟ್ಟು ಮೇಲೆ ಹೋಗಬಾರದು. ಎರಡು ಚಕ್ರದ ಭಾರ ಮತ್ತು ಉಜ್ಜಾಟಕ್ಕೆ ರೇಂಜೂ ಒಂದಿಷ್ಟು ಇಳಿಯುತ್ತದೆ. ಇದನ್ನೆಲ್ಲ ಕಂಪನಿಯ ಇಂಜಿನಿಯರು ಕೂತು ಸರಿಯಾಗಿ ಮಾಡಬಹುದಾದ ಕೆಲಸ. ಈಗ ಮಾಡುತ್ತಿರುವುದು ಗ್ಯಾರೇಜಿನ ಮೇಸ್ತ್ರಿ, ಬೀಡಿ ಬಾಯಲ್ಲಿಟ್ಟುಕೊಂಡು, ಬ್ಯಾಟರಿ ಪಕ್ಕದಲ್ಲೇ ವೆಲ್ಡಿಂಗ್ ಕಿಡಿ ಹಾರಿಸುತ್ತಾ. ಟೈಲರಣ್ಣ ಆ ಒಂದು ಕಾರಣಕ್ಕೆ ನಟ್ಟುಬೋಲ್ಟಿನ ಕಿಟ್ಟೇ ಬೇಕೆಂದು ಹಟ ಹಿಡಿದ. ಹತ್ತು ಹದಿನೈದು ಸಾವಿರದ ಮಾತು. ಆಮೇಲೆ ಆ ಮಾರ್ಪಾಡನ್ನು ಆರ್‌ಟಿಒದಲ್ಲಿ ತೋರಿಸಿ ಆರ್‌ಸಿಯಲ್ಲಿ ಬರೆಸಬೇಕು, ಇನ್ಶೂರೆನ್ಸಿನವರಿಗೆ ತಿಳಿಸಬೇಕು. ಬರೆಸದೆ ಓಡಾಡುವವರು ಬೇಕಾದಷ್ಟಿದ್ದಾರೆ. ಕ್ಲೇಮು ಬಂದ ದಿನ ಅಳುತ್ತಾರೆ.

ಚಾರ್ಜಿಂಗ್ ವಿಷಯಕ್ಕೆ ಬಂದರೆ ಬಾಡಿಗೆ ಮನೆಯವರೆಲ್ಲ ಒಂದರ್ಥದಲ್ಲಿ ಟೈಲರಣ್ಣನ ಪಕ್ಷದವರೇ. ಕೆಳಗೆ ಪಾಯಿಂಟ್ ಕೇಳಿದರೆ ಓನರಿಗೆ ತಮ್ಮ ಮೀಟರೇ ಕರಗಿದ ಕನಸು ಬೀಳುತ್ತದೆ. ಮೂರನೇ ಮಹಡಿಯ ಬಾಲ್ಕನಿಯಿಂದ ವಯರ್ ಇಳಿಬಿಟ್ಟು ಚಾರ್ಜ್ ಮಾಡುವವರನ್ನು ಈ ಊರಿನ ಯಾವ ಬೀದಿಯಲ್ಲಾದರೂ ನೋಡಬಹುದು. ನಡುವೆ ಎರಡನೇ ಮಹಡಿಯವರು ಅದರ ಮೇಲೆ ಟವೆಲ್ ಒಣಗಿಸಿರುತ್ತಾರೆ. ಇದಕ್ಕೆ ಪರಿಹಾರ ಅಂತ ಕಳಚುವ ಬ್ಯಾಟರಿ ಬಂದಿದೆ. ಹೋಂಡಾದ ಆಕ್ಟಿವಾ ಇ ಅಂತೂ ಮನೆಯಲ್ಲಿ ಚಾರ್ಜ್ ಮಾಡುವ ರಗಳೆಯನ್ನೇ ಇಟ್ಟಿಲ್ಲ, ಸ್ಟೇಷನ್ನಿಗೆ ಹೋಗಿ ಖಾಲಿದು ಕೊಟ್ಟು ತುಂಬಿದ್ದು ತರಬೇಕು. ಬೆಂಗಳೂರಿನಿಂದಲೇ ಶುರುವಾದ ಏರ್ಪಾಡು. ಒಳ್ಳೆಯದೇ. ಆದರೆ ಒಂದೊಂದು ಬ್ಯಾಟರಿ ಹತ್ತು ಕೆ.ಜಿ., ಅಂಥವು ಎರಡು. "ಒಂದ್ ಕೈಲಿ ಊರುಗೋಲು, ಇನ್ನೊಂದ್ ಕೈಲಿ ಬ್ಯಾಟ್ರಿ, ಬಾಗಿಲು ತೆಗೆಯೋಕೆ ನಿಮ್ಮನ್ನ ಕರೀಲಾ ರಾಯರೇ?" ಅವನಿಗೆ ಬೇಕಿದ್ದದ್ದು ಕಳಚದ ಬ್ಯಾಟರಿ, ಅಂಗಡಿ ಬಾಗಿಲ ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ಒಂದು ಪ್ಲಗ್ಗು. ಪ್ಲಗ್ಗನ್ನು ನೆಲಕ್ಕೆ ಹತ್ತಿರ ಹಾಕಿಸುವ ಎಲೆಕ್ಟ್ರಿಷಿಯನ್‌ಗಳಿಗೆ ಅವನು ಕೊಟ್ಟಿರುವ ಬಿರುದುಗಳನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಎಲ್ಲರ ತೊಂದರೆಯೂ ಒಂದೇ ತರಹ ಅಂತಲೂ ಅಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದೆ. ಕಿವಿ ಕೇಳದ ಡೆಲಿವರಿ ಹುಡುಗರು ಈ ಗಾಡಿಗಳ ಮೇಲೆ ಆರಾಮವಾಗಿ ಓಡಾಡುತ್ತಿದ್ದಾರೆ. ಸದ್ದಿಲ್ಲದ ಗಾಡಿಯೆಂಬ ಕೊರತೆ ಅವರಿಗಿಲ್ಲ, ಹೇಳುವುದನ್ನೆಲ್ಲ ಸ್ಕ್ರೀನೇ ಹೇಳುತ್ತದೆ. ಕಣ್ಣು ಕಾಣದೆ ರಸ್ತೆ ದಾಟುವವರಿಗೆ ಅದೇ ಮೌನ ಶತ್ರು. ಕೋಲು ಬಡಿಯುತ್ತಾ ಕಿವಿಯಿಂದಲೇ ರಸ್ತೆ ಓದುವವರಿಗೆ ಆಟೋ ಎಷ್ಟು ದೂರ, ಬಸ್ಸು ಎಷ್ಟು ಹತ್ತಿರ ಗೊತ್ತಾಗುತ್ತದೆ. ಈ ಸುಯ್ಯನೆ ಬರುವವನು ಬಂದು ಮುಟ್ಟಿದ ಮೇಲೇ ಗೊತ್ತಾಗುವುದು. ಹಾರನ್ ಹೊಡೆಯಲು ಬೇಸರಪಡದ ಊರು ನಮ್ಮದು, ಆ ಹಾರನ್ನಿಗೆ ಒಂದು ನ್ಯಾಯವಾದ ಉಪಯೋಗ ಇದ್ದರೆ ಇಲ್ಲಿದೆ. ಇನ್ನು ವೀಲ್‌ಚೇರಿನಿಂದ ಸ್ಕೂಟರಿನ ಸೀಟಿಗೆ ದಾಟಲಾಗದವರಿಗೆ ಯಾವ ಸೈಡ್ ವೀಲೂ ಪ್ರಯೋಜನವಿಲ್ಲ. ಅವರಿಗೆಂದು ಐಐಟಿ ಮದ್ರಾಸಿನಲ್ಲಿ ಸುಜಾತಾ ಶ್ರೀನಿವಾಸನ್ ಅವರ ತಂಡ ನಿಯೋಮೋಷನ್ ಎಂಬ ಕಂಪನಿಯ ಜೊತೆ ಸೇರಿ ನಿಯೋಬೋಲ್ಟ್ ಮಾಡಿದೆ. ಮನೆಯೊಳಗಿನ ವೀಲ್‌ಚೇರಿಗೇ ಮುಂದೆ ಒಂದು ಮೋಟಾರು ಚಕ್ರ ಸಿಕ್ಕಿಸಿಕೊಂಡು ರಸ್ತೆಗೆ ಹೊರಡಬಹುದು, ಗಂಟೆಗೆ 25 ಕಿಲೋಮೀಟರ್‌ವರೆಗೆ. ಚೆನ್ನೈಯಲ್ಲಿ ಅದರ ಮೇಲೆ ಕೂತು ಜೊಮ್ಯಾಟೋ ಊಟ ತಲುಪಿಸುವವರ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಕೆಳಗೆ ಒಂದು ಹೃದಯದ ಚಿತ್ರ ಒತ್ತಿ ಮುಂದಕ್ಕೆ ಕಳಿಸಿದೆವು. ಆರ್ಡರ್ ತಡವಾದರೆ ಒಂದು ಸ್ಟಾರ್ ಕೊಡುವುದೂ ಅದೇ ಬೆರಳು.

ಕೊನೆಗೂ ಟೈಲರಣ್ಣ ಗಾಡಿ ತಂದ. ಹೊಸದಲ್ಲ, ಸಾಫ್ಟ್‌ವೇರ್ ಹುಡುಗ ಇನ್ನೂ ದೊಡ್ಡ ಬ್ಯಾಟರಿಯದು ತೆಗೆದುಕೊಂಡು ಇದನ್ನು ಸೆಕೆಂಡ್ ಹ್ಯಾಂಡ್ ಬೆಲೆಗೆ ಕೊಟ್ಟ. ಇಂಥ ಹುಡುಗರ ಚಪಲ ಇರುವವರೆಗೆ ನಮ್ಮಂಥವರಿಗೆ ಅಗ್ಗದ ಸ್ಕೂಟರಿನ ಚಿಂತೆಯಿಲ್ಲ. ನಟ್ಟುಬೋಲ್ಟಿನ ಕಿಟ್ಟು ಕೂತಿತು, ಆರ್‌ಟಿಒ ಅರ್ಜಿ ಹೋಗಿದೆ. ಒಪ್ಪಿಗೆ ಬರುವವರೆಗೆ ಅಂಗಡಿ ಮುಂದಿನ ಖಾಲಿ ಸೈಟಿನಲ್ಲೇ ಅಭ್ಯಾಸ. ಮುಂದಕ್ಕೆ ಹತ್ತು ಮಾರು, ಹಿಂದಕ್ಕೆ ಹತ್ತು ಮಾರು. ಹಿಂದಕ್ಕೆ ಹೋಗುವಾಗ ಅವನ ಮುಖ ನೋಡಬೇಕು ನೀವು.

ರಾಯರೂ ನೋಡುತ್ತಿದ್ದರು. ಅವರಿಗೆ ಈಗ ಮಂಡಿ ನೋವು, ಸಿಗ್ನಲ್ಲಿನಲ್ಲಿ ಹಳೇ ಆಕ್ಟಿವಾಕ್ಕೆ ಕಾಲು ಕೊಡುವುದೇ ಕಷ್ಟ, ಆದರೆ ಬಾಯಿಬಿಟ್ಟು ಹೇಳುವವರಲ್ಲ. ಮೊದಲು ಸೈಡ್ ವೀಲನ್ನು ಒಂದು ಸುತ್ತು ಬಂದು ನೋಡಿದರು. ಸ್ಪ್ರಿಂಗ್ ಒತ್ತಿ ನೋಡಿದರು. ಯಾರೂ ಇಲ್ಲವೆಂದುಕೊಂಡು ಸೀಟಿನ ಮೇಲೆ ಕೂತು ಎರಡೂ ಕಾಲು ಫುಟ್‌ಬೋರ್ಡಿಗೆ ಎತ್ತಿಕೊಂಡರು. ಗಾಡಿ ವಾಲಲಿಲ್ಲ.

"ಏನಯ್ಯಾ, ಇದು ಕಾಲು ಊರದೇ ನಿಲ್ಲತ್ತಲ್ಲಯ್ಯಾ!"

"ಹೂಂ ರಾಯರೇ. ಅದಕ್ಕೇ ಹಾಕ್ಸಿರೋದು."

"ನನ್ನಂಥ ಸೀನಿಯರ್ ಸಿಟಿಜನ್ನಿಗೂ ಹಾಕ್ಕೊಡ್ತಾರಾ?"

"ಹಾಕ್ಕೊಡ್ತಾರೆ. ಮೊದಲು ಗಾಡಿ ತಗೊಳ್ಳಿ."

ರಾಯರು ಕೆಳಗಿಳಿಯದೆ ಕನ್ನಡಕ ಸರಿಮಾಡಿಕೊಂಡರು. "ಅದಿರಲಿ. ಈ ಚಕ್ರಕ್ಕೆ ಸಬ್ಸಿಡಿ ಎಷ್ಟು?"